ಪಿಯುಸಿ ಪರೀಕ್ಷೆ ಮುಗಿದ ಮೇಲಿನ ರಜೆ: ಕಾಲೇಜು ಸೇರುವ ಮೊದಲು ಏನೇನು ಮುಗಿಸಿಕೊಳ್ಳಬೇಕು?

"ಪರೀಕ್ಷೆ ಮುಗೀತು, ಈಗ ಏನು ಮಾಡೋದು?" ಮಾರ್ಚ್ ಕೊನೆ ಬಂತೆಂದರೆ ತುಮಕೂರು, ಮಧುಗಿರಿ, ಪಾವಗಡ, ತಿಪಟೂರು ಕಡೆಯ ಓದುಗರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಜೂನ್ ಹೊತ್ತಿಗೆ ಅಂಥದೇ ಮನೆಗಳಿಂದ ಇನ್ನೊಂದು ಪ್ರಶ್ನೆ ಬರುತ್ತದೆ: "ರ‍್ಯಾಂಕ್ ಬಂದಿದೆ, ಆದರೆ ಗ್ರಾಮೀಣ ಕೋಟಾ ಕೊಟ್ಟಿಲ್ಲ. ಈಗ ಏನಾದರೂ ಮಾಡಬಹುದಾ?" ಅಷ್ಟು ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಎರಡು ದಿನ ಓಡಾಡಿದ್ದರೆ ಆಗುತ್ತಿದ್ದ ಕೆಲಸಕ್ಕೆ ಜೂನ್‌ನಲ್ಲಿ ಕೈಮುಗಿದರೂ ಆಗುವುದಿಲ್ಲ.

ದ್ವಿತೀಯ ಪಿಯುಸಿಯ ಕೊನೆಯ ಪತ್ರಿಕೆಯಿಂದ ಕಾಲೇಜಿನ ಮೊದಲ ದಿನದವರೆಗೆ ನಿಮ್ಮ ಕೈಯಲ್ಲಿ ಮೂರು ತಿಂಗಳಿಗೂ ಹೆಚ್ಚು ಸಮಯ ಇರುತ್ತದೆ. ಅದರಲ್ಲಿ ದಾಖಲೆ ಸರಿಪಡಿಸಿಕೊಳ್ಳುವುದು ಮೊದಲ ಕೆಲಸ, ಕಾಲೇಜುಗಳನ್ನು ಕಣ್ಣಾರೆ ನೋಡಿ ಬರುವುದು ಎರಡನೆಯದು, ಹೊಸದೇನಾದರೂ ಕಲಿಯುವುದು ಮೂರನೆಯದು. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ಕೋರ್ಸ್ ಸೇರುತ್ತಾರೆ, ಆಧಾರ್‌ನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿರುವುದನ್ನು ನೋಡಿಯೇ ಇರುವುದಿಲ್ಲ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ.

ಶುರು ಮಾಡುವ ಮೊದಲು ಬೇಕಾದ್ದು

ಒಂದು ಗಟ್ಟಿ ಫೈಲು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಮೂಲಪ್ರತಿ, ತಲಾ ಐದು ಜೆರಾಕ್ಸ್, ಒಂದೇ ಸಲ ತೆಗೆಸಿದ ಹತ್ತು ಪಾಸ್‌ಪೋರ್ಟ್ ಅಳತೆಯ ಫೋಟೊ. ಜೊತೆಗೆ ನಿಮ್ಮದೇ ಒಂದು ಮೊಬೈಲ್ ನಂಬರ್ ಮತ್ತು ಇಮೇಲ್. ಮುಂದಿನ ನಾಲ್ಕು ವರ್ಷ ಒಟಿಪಿ ಬರುವುದು ಈ ನಂಬರಿಗೇ. ಅಪ್ಪನ ಹಳೆಯ ಸಿಮ್‌ಗೆ ಕರೆನ್ಸಿ ಹಾಕಿಸದೆ ಒಟಿಪಿ ಬರದೆ ಕೊನೆಯ ದಿನ ಕಳೆದುಕೊಂಡವರು ಪ್ರತಿ ವರ್ಷ ಸಿಗುತ್ತಾರೆ. ಸೈಬರ್ ಸೆಂಟರ್‌ನವರ ನಂಬರನ್ನು ಮಾತ್ರ ಯಾವ ಅರ್ಜಿಯಲ್ಲೂ ಕೊಡಬೇಡಿ.

ಹಂತ 1: ಸಿಇಟಿ ಮುಗಿಯುವವರೆಗೆ ಬೇರೆ ಯೋಚನೆ ಬೇಡ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಎಲ್ಲರೂ ಕೆಇಎ ಎನ್ನುವುದು ಇದನ್ನೇ) ನಡೆಸುವ ಸಿಇಟಿ (ಎಂಜಿನಿಯರಿಂಗ್, ಕೃಷಿಯಂಥ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ವೈದ್ಯಕೀಯ ಪ್ರವೇಶದ ನೀಟ್ ಹಾಗಲ್ಲ: ಅಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಎರಡನ್ನೂ ಬರೆಯುವವರು ಈ ಅಭ್ಯಾಸ ಬೆರೆಸಿಕೊಂಡು ಸಿಇಟಿಯಲ್ಲಿ ಸುಮ್ಮನೆ ಅಂಕ ಬಿಟ್ಟು ಬರುತ್ತಾರೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಲೆಕ್ಕ ಹೀಗೆ: ಪಿಯುಸಿಯಲ್ಲಿ ಶೇ. 90, ಸಿಇಟಿಯಲ್ಲಿ 180ಕ್ಕೆ 81, ಅಂದರೆ ಶೇ. 45 ಬಂದಿದ್ದರೆ ನಿಮ್ಮ ಒಟ್ಟು 45 + 22.5 = 67.5. ಸಿಇಟಿಯಲ್ಲಿ ಇನ್ನು 9 ಪ್ರಶ್ನೆ ಸರಿ ಮಾಡಿದ್ದರೆ ಅದು 70 ಆಗುತ್ತಿತ್ತು. ಅದೇ ಎರಡೂವರೆ ಪಿಯುಸಿ ಕಡೆಯಿಂದ ಬರಬೇಕಾದರೆ ಶೇ. 5 ಹೆಚ್ಚು ಬೇಕು. ಅದಕ್ಕೇ ಪಿಯುಸಿಯ ಕೊನೆಯ ಪತ್ರಿಕೆ ಮತ್ತು ಸಿಇಟಿ ನಡುವಿನ ವಾರಗಳನ್ನು ಹೊಸ ಪಾಠ ಓದಲು ಬಳಸಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು, ಒಎಂಆರ್ ಹಾಳೆಯ ಜೆರಾಕ್ಸ್ ಮೇಲೆ ಪೆನ್ನಿನಲ್ಲಿ ತುಂಬುತ್ತಾ ಬಿಡಿಸಿ. ದಿನಕ್ಕೆ ಎರಡು ಪತ್ರಿಕೆ ಸಾಕು. ತಪ್ಪಾದ ಪ್ರಶ್ನೆಗಳನ್ನು ಸಂಜೆ ಕೂತು ಪಠ್ಯಪುಸ್ತಕದಲ್ಲಿ ಹುಡುಕುವುದಕ್ಕೂ ಹೊತ್ತು ಬೇಕು.

ಬಿಎ, ಬಿಕಾಂ, ಬಿಸಿಎ ಎಂದು ತೀರ್ಮಾನಿಸಿದವರಿಗೆ ಈ ಹಂತವಿಲ್ಲ. ನೇರ ಮುಂದಿನದಕ್ಕೆ ಹೋಗಿ.

ಹಂತ 2: ಹೆಸರು ತಾಳೆ ನೋಡುವುದು

ಒಂದು ಮಧ್ಯಾಹ್ನದ ಕೆಲಸ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೇಲಿಟ್ಟು ಅದರ ಕೆಳಗೆ ಆಧಾರ್, ಪಿಯುಸಿ ಪ್ರವೇಶಪತ್ರ, ಜಾತಿ ಪತ್ರ, ಪಾಸ್‌ಬುಕ್ ಸಾಲಾಗಿ ಇಡಿ. ನಿಮ್ಮ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನಾಂಕ ಈ ನಾಲ್ಕನ್ನೂ ಅಕ್ಷರ ಅಕ್ಷರ ಓದಿ. ಕನ್ನಡದಲ್ಲಿ ಸರಿಯಿದ್ದರೆ ಸಾಲದು, ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಬೇಕು. ನಮ್ಮ ಕಡೆಯ ಹೆಸರುಗಳಲ್ಲಿ ತಪ್ಪಾಗುವುದು ಮೂರೇ ಜಾಗದಲ್ಲಿ:

— ಹೆಸರಿನ ಕೊನೆಯ 'ಎ' ಅಕ್ಷರ. ಮಂಜುನಾಥ, ಲಕ್ಷ್ಮೀದೇವಮ್ಮ, ಯಾವುದೇ ಇರಲಿ, ಒಂದು ಕಡೆ ಒಂದು 'ಎ' ಹೆಚ್ಚು, ಇನ್ನೊಂದು ಕಡೆ ಕಡಿಮೆ.
— ಇನಿಶಿಯಲ್. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಕೆಲವೊಮ್ಮೆ ಇನಿಶಿಯಲ್ ಬದಲು ಅಪ್ಪನ ಪೂರ್ತಿ ಹೆಸರು.
— 'ತ' ಮತ್ತು 'ಥ', 'ಶ' ಮತ್ತು 'ಸ' ಬರುವಲ್ಲಿ 'ಎಚ್' ಇದ್ದು ಇಲ್ಲದಿರುವುದು.

ತಿದ್ದುವಾಗ ನೆನಪಿರಲಿ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಮೂಲ. ಅದಕ್ಕೆ ಸರಿಯಾಗಿ ಉಳಿದವನ್ನು ತಿದ್ದಿಸಬೇಕೇ ಹೊರತು ಆಧಾರ್‌ಗೆ ತಕ್ಕಂತೆ ಅಂಕಪಟ್ಟಿ ಬದಲಿಸಲು ಹೋಗಬಾರದು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಕೇಂದ್ರದಲ್ಲಿ ಅವರು ಟೈಪ್ ಮಾಡಿದ್ದನ್ನು ನೀವೇ ಪರದೆಯ ಮೇಲೆ ಓದಿ, ಆಮೇಲೆ ಒಪ್ಪಿಗೆ ಕೊಡಿ. 15 ವರ್ಷ ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಹೊಸದಾಗಿ ಕೊಡಬೇಕೆಂಬ ನಿಯಮವಿದೆ. ಅದನ್ನು ಮಾಡಿಸಿರದಿದ್ದರೆ ಅದೇ ಹೊತ್ತಿನಲ್ಲಿ ಮಾಡಿಸಿಬಿಡಿ. ಸ್ಕಾಲರ್‌ಶಿಪ್ ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ "ಹೊಂದುತ್ತಿಲ್ಲ" ಎಂದು ಬರುವುದು ಬಹುಪಾಲು ಇದರಿಂದಲೇ.

ಹಂತ 3: ಪ್ರಮಾಣಪತ್ರಗಳು

ಸಿಇಟಿ ಅರ್ಜಿಯನ್ನು ಜನವರಿ–ಫೆಬ್ರವರಿಯಲ್ಲೇ ಹಾಕಿರುತ್ತೀರಿ. ಆ ಅರ್ಜಿಯ ಪ್ರಿಂಟ್ ತೆಗೆದು, ಯಾವ ಯಾವ ಮೀಸಲಾತಿಗೆ 'ಹೌದು' ಎಂದು ಹಾಕಿದ್ದೀರಿ ಎಂದು ಪೆನ್ನಿನಲ್ಲಿ ಗುರುತು ಮಾಡಿ. ಪ್ರತಿ 'ಹೌದು'ವಿಗೂ ಒಂದು ಕಾಗದ ಬೇಕು. ತಪ್ಪು ಕಂಡರೆ ಬರೆದಿಟ್ಟುಕೊಳ್ಳಿ. ಪ್ರಾಧಿಕಾರ ತಿದ್ದುಪಡಿಗೆ ಅವಕಾಶ ಕೊಡುವುದು ಕೆಲವೇ ದಿನ, ಆಗ ಹುಡುಕುತ್ತಾ ಕೂರಲಾಗದು.

ಜಾತಿ–ಆದಾಯ ಪತ್ರ. ಇದನ್ನು ಕೊಡುವುದು ತಹಶೀಲ್ದಾರರು. ಅರ್ಜಿ ಹಾಕುವುದು ಹೋಬಳಿಯ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ. ಗ್ರಾಮ ಆಡಳಿತ ಅಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್ ವರದಿ ಆಗಿ ಪತ್ರ ಕೈಗೆ ಬರಲು ಮೂರು ವಾರ ಹಿಡಿಯಬಹುದು, ಮೇ–ಜೂನ್ ನೂಕುನುಗ್ಗಲಿನಲ್ಲಿ ಇನ್ನೂ ಹೆಚ್ಚು. ಪತ್ರದ ಮೇಲೆ 'ಆರ್‌ಡಿ'ಯಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಎಲ್ಲ ಅರ್ಜಿಯಲ್ಲೂ ಕೇಳುವುದು ಅದನ್ನೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ–ಡಿ, ಪ್ರವರ್ಗ–1ಕ್ಕೆ ನಮೂನೆ–ಇ, 2ಎ, 2ಬಿ, 3ಎ, 3ಬಿಯವರಿಗೆ ನಮೂನೆ–ಎಫ್. ಆದಾಯದ ಲೆಕ್ಕ ಬರುವ ಪತ್ರಕ್ಕೆ ಐದು ವರ್ಷ ಆಯುಸ್ಸು. ಎಂಟನೇ ತರಗತಿಯಲ್ಲಿ ಮಾಡಿಸಿದ್ದರೆ ದಿನಾಂಕ ನೋಡಿಕೊಳ್ಳಿ, ಕೌನ್ಸೆಲಿಂಗ್ (ಸೀಟು ಹಂಚಿಕೆ) ಮಧ್ಯದಲ್ಲೇ ಮುಗಿದುಹೋಗಬಹುದು. ಪತ್ರ ನಿಮ್ಮ ಹೆಸರಿನಲ್ಲೇ ಇರಬೇಕು. ಅಣ್ಣನ ಪತ್ರವನ್ನೋ ಅಪ್ಪನ ಪತ್ರವನ್ನೋ ತೋರಿಸಿದರೆ ನಡೆಯುವುದಿಲ್ಲ.

ಏಳು ವರ್ಷದ ವ್ಯಾಸಂಗ ಪತ್ರ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕರ್ನಾಟಕದಲ್ಲಿ ಕನಿಷ್ಠ ಏಳು ಪೂರ್ತಿ ವರ್ಷ ಓದಿದ್ದಕ್ಕೆ ಇದು ಆಧಾರ. ಪಾವಗಡ ತಾಲ್ಲೂಕಿನವರು ಇಲ್ಲಿ ಎಚ್ಚರವಾಗಿರಬೇಕು. ಗಡಿಯಾಚೆ ಮಡಕಶಿರಾ, ಹಿಂದೂಪುರದ ಶಾಲೆಗಳಲ್ಲಿ ಕೆಲವು ವರ್ಷ ಓದಿದವರು ನಮ್ಮಲ್ಲಿ ಇದ್ದಾರೆ. ಅಂಥವರು ಯಾವ ತರಗತಿ ಎಲ್ಲಿ ಎಂದು ವರ್ಷವಾರು ಬರೆದು ಎಣಿಸಿ. ಅನುತ್ತೀರ್ಣರಾಗಿ ಮತ್ತೆ ಅದೇ ತರಗತಿಯಲ್ಲಿ ಕೂತ ವರ್ಷವನ್ನು ಎರಡು ಸಲ ಎಣಿಸಬೇಡಿ.

ಗ್ರಾಮೀಣ ವ್ಯಾಸಂಗ ಪತ್ರ. ಹೆಚ್ಚು ಜನ ಎಡವುವುದು ಇಲ್ಲೇ. ಇದರಲ್ಲಿ ಶೇ. 15 ಸೀಟು ಇರುವುದರಿಂದ ಕಳೆದುಕೊಂಡರೆ ನಷ್ಟವೂ ದೊಡ್ಡದು. ಒಂದರಿಂದ ಹತ್ತರವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ನಿಮ್ಮ ಮನೆ ಹಳ್ಳಿಯಲ್ಲಿದೆಯೇ ಎಂಬುದು ಇಲ್ಲಿ ಮುಖ್ಯವಲ್ಲ, ಶಾಲೆ ಎಲ್ಲಿದೆ ಎಂಬುದು ಮುಖ್ಯ. ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಗಡಿಯೊಳಗಿನ ಶಾಲೆ ಗ್ರಾಮೀಣವಲ್ಲ. ಹಳ್ಳಿಯಿಂದ ಕೊರಟಗೆರೆಗೋ ಗುಬ್ಬಿಗೋ ಬಸ್ಸಿನಲ್ಲಿ ಹೋಗಿ ಹೈಸ್ಕೂಲು ಓದಿದವರಿಗೆ ಈ ಕೋಟಾ ಸಿಗುವುದಿಲ್ಲ, ಒಂದೇ ವರ್ಷ ಓದಿದ್ದರೂ ಅಷ್ಟೆ. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಬೇರೆ ಪತ್ರ. ಮುಖ್ಯ ಶಿಕ್ಷಕರ ಸಹಿ, ಮೊಹರು, ಅದರ ಮೇಲೆ ಆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವುದಾದರೆ ಕೆನೆಪದರಕ್ಕೆ (ಮೀಸಲಾತಿ ಸಿಗದಷ್ಟು ಸ್ಥಿತಿವಂತರ ಗುಂಪು) ಸೇರಿಲ್ಲ ಎಂಬ ಪತ್ರವನ್ನೂ ತಹಶೀಲ್ದಾರರಿಂದ ತರಬೇಕು. ಇದು ಬಹಳ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಕನ್ನಡ ಮಾಧ್ಯಮ ಪತ್ರ. ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಶೇ. 5 ಸೀಟು. ಇದಕ್ಕೂ ಶಾಲೆಯ ಮುಖ್ಯಸ್ಥರ ಸಹಿ ಬೇಕು. ಹೇಗಿದ್ದರೂ ಬಿಇಒ ಕಚೇರಿಗೆ ಹೋಗುತ್ತೀರಲ್ಲ, ಎರಡಕ್ಕೂ ಒಟ್ಟಿಗೆ ಮೇಲುರುಜು ಹಾಕಿಸಿಕೊಂಡು ಬನ್ನಿ.

ಒಂದು ಎಚ್ಚರಿಕೆ. ಏಪ್ರಿಲ್ ಎರಡನೇ ವಾರದ ನಂತರ ಪ್ರಾಥಮಿಕ, ಪ್ರೌಢಶಾಲೆಗಳಿಗೆ ಬೇಸಿಗೆ ರಜೆ. ಮುಖ್ಯ ಶಿಕ್ಷಕರು ಊರಿನಲ್ಲಿ ಇರುವುದಿಲ್ಲ, ದಾಖಲಾತಿ ಪುಸ್ತಕ ಬೀರುವಿನಲ್ಲಿ ಬೀಗದೊಳಗೆ. ಆದ್ದರಿಂದ ಈ ಹಂತದಲ್ಲಿ ಶಾಲೆಗೆ ಹೋಗುವ ಭಾಗವನ್ನು ಮಾತ್ರ ಸಿಇಟಿಗೆ ಮೊದಲೇ ಮುಗಿಸಿ. ನೀವು ಓದುತ್ತಿದ್ದರೆ ಅಪ್ಪನೋ ಅಕ್ಕನೋ ಹೋಗಿ ಬರಲಿ. ಹೋಗುವಾಗ ಸ್ಯಾಟ್ಸ್ ಸಂಖ್ಯೆ (ಶಾಲಾ ದಾಖಲೆಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಕೇಳಿ ಬರೆದುಕೊಂಡು ಬನ್ನಿ.

ಹಂತ 4: ಬ್ಯಾಂಕ್ ಖಾತೆ

ಸರ್ಕಾರದ ವಿದ್ಯಾರ್ಥಿವೇತನಗಳು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ) ಮೂಲಕ ಬರುತ್ತವೆ. ಹಣ ಬೀಳುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ನೋಡಿ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. "ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕಿನವರು ಹೇಳಿದರೆ ಸಾಲದು. "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ, ನಿಮ್ಮ ಬ್ಯಾಂಕಿಗೇ ಆಗಿದೆಯಾ?" ಎಂದು ಕೇಳಬೇಕು. ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಆಧಾರ್ ಸಂಖ್ಯೆಗೆ ಜೋಡಿಸಿಡುವುದೇ ಈ ಮ್ಯಾಪಿಂಗ್. ಒಂದು ಆಧಾರ್ ಸಂಖ್ಯೆಯನ್ನು ಹಲವು ಖಾತೆಗೆ ಲಿಂಕ್ ಮಾಡಬಹುದು, ಆದರೆ ಸರ್ಕಾರದ ಹಣ ಹೋಗುವ ಮ್ಯಾಪಿಂಗ್ ಒಂದೇ ಬ್ಯಾಂಕಿಗೆ ಇರುತ್ತದೆ, ಅದೂ ಕೊನೆಗೆ ಮಾಡಿಸಿದ ಬ್ಯಾಂಕಿಗೆ. ಸಿಮ್ ಕೊಳ್ಳುವಾಗಲೋ ಮೊಬೈಲ್ ಆ್ಯಪ್‌ನಲ್ಲೋ ಗೊತ್ತಿಲ್ಲದೆ ತೆರೆದ ಖಾತೆಗೆ ಹಣ ಹೋಗಿ ಕುಳಿತಿರುವ ಉದಾಹರಣೆಗಳು ಬೇಕಾದಷ್ಟಿವೆ.

ಶಾಲೆಯಲ್ಲಿ ತೆರೆದ ಖಾತೆ ಇದ್ದರೆ ಇನ್ನೊಂದು ಕೆಲಸ: 18 ತುಂಬಿದ ಕೂಡಲೇ ಬ್ಯಾಂಕಿಗೆ ಹೋಗಿ ಮೈನರ್ ಖಾತೆಯನ್ನು ನಿಮ್ಮ ಸಹಿಗೆ ಬದಲಿಸಿಕೊಳ್ಳಿ. ವರ್ಷಗಟ್ಟಲೆ ಮುಟ್ಟದ ಖಾತೆ ನಿಷ್ಕ್ರಿಯವಾಗಿರುತ್ತದೆ. ಕೆವೈಸಿ (ಗುರುತಿನ ದಾಖಲೆ) ಕೊಟ್ಟು ನೂರು ರೂಪಾಯಿ ಹಾಕಿ ತೆಗೆದು ಜೀವ ಬಂದಿದೆಯೇ ನೋಡಿ.

ಹಂತ 5: ಫಲಿತಾಂಶ ಬಂದ ವಾರ

ಫಲಿತಾಂಶ ಏಪ್ರಿಲ್‌ನಲ್ಲಿ ಬರುತ್ತದೆ. ಅಂಕ ನಿರೀಕ್ಷೆಗಿಂತ ಬಹಳ ಕಡಿಮೆ ಬಂದಿದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದನ್ನು ನಿಮ್ಮ ಉಪನ್ಯಾಸಕರಿಗೆ ತೋರಿಸಿ, ಅವರು ಅಂಕ ಬಿಟ್ಟುಹೋಗಿದೆ ಎಂದರೆ ಮಾತ್ರ ಮರುಮೌಲ್ಯಮಾಪನಕ್ಕೆ ಹೋಗಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ–2 ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಹಂತ 1ರ ಲೆಕ್ಕ ಹಾಕಿ ನೋಡಿ: ಗಣಿತವೊಂದರಲ್ಲೇ 15 ಅಂಕ ಏರಿಸುವ ಧೈರ್ಯವಿದ್ದರೆ ಬರೆಯಿರಿ. ನಾಲ್ಕೈದು ಅಂಕಕ್ಕಾಗಿ ಒಂದು ತಿಂಗಳು ಕಳೆಯುವುದು ನಮ್ಮ ಅಭಿಪ್ರಾಯದಲ್ಲಿ ಬೇಡ.

ಅನುತ್ತೀರ್ಣರಾದವರು ಮನೆಯಲ್ಲಿ ಮುಖ ಮರೆಸಿಕೊಂಡು ಕೂರಬೇಡಿ. ಪರೀಕ್ಷೆ–2ಕ್ಕೆ ಶುಲ್ಕ ಕಟ್ಟಲು ಕೊಡುವ ದಿನಗಳು ಬಹಳ ಕಡಿಮೆ, ಮಾರನೆಯ ದಿನವೇ ಕಾಲೇಜಿಗೆ ಹೋಗಿ. ಅದೇ ವರ್ಷ ಪಾಸಾಗಿ ಅದೇ ವರ್ಷ ಪದವಿ ಸೇರುವುದು ಈಗ ಸಾಧ್ಯವಿದೆ.

ಹಂತ 6: ಕಾಲೇಜು ನೋಡಿ ಬರುವುದು

ಮೇ ತಿಂಗಳಲ್ಲಿ ನಾಲ್ಕು ದಿನ ಇದಕ್ಕೆಂದೇ ಎತ್ತಿಡಿ. ವೆಬ್‌ಸೈಟಿನ ಫೋಟೊದಲ್ಲಿ ಎಲ್ಲ ಕಾಲೇಜೂ ಚೆನ್ನಾಗಿಯೇ ಕಾಣುತ್ತದೆ. ಭಾನುವಾರ ಹೋಗಬೇಡಿ. ಕೆಲಸದ ದಿನ ಹೋಗಿ, ಅದೂ ಮುಂದೆ ದಿನಾ ಹಿಡಿಯಬೇಕಾದ ಬಸ್ಸಿನಲ್ಲೇ ಹೋಗಿ. ಮಧುಗಿರಿಯಿಂದ ತುಮಕೂರು ಸುಮಾರು 40 ಕಿ.ಮೀ., ನಕ್ಷೆಯಲ್ಲಿ ಹತ್ತಿರ. ಆದರೆ ನಿಮ್ಮ ಹಳ್ಳಿಯಿಂದ ಮಧುಗಿರಿಗೆ ಬಸ್ಸು ಎಷ್ಟು ಹೊತ್ತಿಗೆ, ತುಮಕೂರು ಬಸ್ ನಿಲ್ದಾಣದಿಂದ ಕಾಲೇಜಿಗೆ ಎಷ್ಟು ಹೊತ್ತು, ಸಂಜೆ ಕೊನೆಯ ಬಸ್ಸು ಯಾವಾಗ, ಇವು ಮೂರೂ ಸೇರಿದರೆ ದಿನಕ್ಕೆ ನಾಲ್ಕು ಗಂಟೆ ಪ್ರಯಾಣವೇ ಆಗಬಹುದು. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸು. ಹಣ ಉಳಿದರೂ ಹೊತ್ತು ಉಳಿಯುವುದಿಲ್ಲ ಎಂಬುದು ಲೆಕ್ಕದಲ್ಲಿರಲಿ. ತುಮಕೂರಿನಿಂದ ಬೆಂಗಳೂರಿಗೆ 70 ಕಿ.ಮೀ. ರೈಲಿನಲ್ಲಿ ದಿನಾ ಓಡಾಡುವವರು ಸಾವಿರಾರು ಜನರಿದ್ದಾರೆ. ಆದರೆ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದು ಕಷ್ಟ.

ತುಮಕೂರಿನವರ ಮುಂದಿರುವ ದಾರಿಗಳು ಹಲವು: 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, ತಿಪಟೂರಿನ ಕಲ್ಪತರು ತಾಂತ್ರಿಕ ವಿದ್ಯಾಲಯದಂಥ ಎಂಜಿನಿಯರಿಂಗ್ ಕಾಲೇಜುಗಳು; ತುಮಕೂರು ವಿಶ್ವವಿದ್ಯಾನಿಲಯದ ಕಲಾ ಮತ್ತು ವಿಜ್ಞಾನ ಕಾಲೇಜುಗಳು; ಪ್ರತಿ ತಾಲ್ಲೂಕಿನಲ್ಲೂ ಇರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿಎ, ಬಿಎಸ್ಸಿ, ಬಿಕಾಂಗೆ ಯುಯುಸಿಎಂಎಸ್ ಎಂಬ ಸರ್ಕಾರಿ ತಂತ್ರಾಂಶದಲ್ಲಿ ಹೆಸರು ನೋಂದಾಯಿಸಬೇಕು. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದು. ನಾಲ್ಕು ವರ್ಷ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾಹಿತಿ.

ಕಾಲೇಜಿನಲ್ಲಿ ಕಚೇರಿಗಿಂತ ಮೊದಲು ಕ್ಯಾಂಟೀನಿಗೆ ಹೋಗಿ. ಅಲ್ಲಿ ಕೂತಿರುವ ಎರಡನೇ ವರ್ಷದವರನ್ನು ಕೇಳಿ: "ಅಣ್ಣ, ಲ್ಯಾಬ್ ದಿನಾ ನಡೆಯುತ್ತಾ? ಗಣಿತಕ್ಕೆ ಮೇಷ್ಟ್ರು ಇದಾರಾ, ಇಲ್ಲ ವರ್ಷದ ಮಧ್ಯೆ ಬಿಟ್ಟು ಹೋಗ್ತಾರಾ? ಹೋದ ವರ್ಷ ಕಂಪನಿ ಬಂದಾಗ ನಿಮ್ಮ ಬ್ರ್ಯಾಂಚಿನಿಂದ ಎಷ್ಟು ಜನ ಸೆಲೆಕ್ಟ್ ಆದರು?" ನಾಲ್ವರನ್ನು ಕೇಳಿದರೆ ನಿಜ ಎಲ್ಲಿದೆ ಎಂದು ತಿಳಿಯುತ್ತದೆ. ಆಮೇಲೆ ಕಚೇರಿಯಲ್ಲಿ ಶುಲ್ಕದ ಪೂರ್ತಿ ಪಟ್ಟಿ ಬರೆಸಿಕೊಳ್ಳಿ: ಸರ್ಕಾರ ನಿಗದಿ ಮಾಡಿದ್ದು, ವಿಶ್ವವಿದ್ಯಾಲಯದ್ದು, ಅಭಿವೃದ್ಧಿ ಶುಲ್ಕ, ಸಮವಸ್ತ್ರ, ಬಸ್ಸು, ಪರೀಕ್ಷೆ. "ಮೊದಲ ವರ್ಷಕ್ಕೆ ಎಷ್ಟು" ಎಂದು ಕೇಳಿ ಸುಮ್ಮನಾಗಬೇಡಿ, ಎರಡನೇ ವರ್ಷಕ್ಕೆ ಎಷ್ಟು ಎಂದೂ ಕೇಳಿ.

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ: ಮೂಲ ಅಂಕಪಟ್ಟಿ ಮತ್ತು ಟಿಸಿಯನ್ನು ಸೀಟು ಖಚಿತವಾಗುವ ಮೊದಲು ಯಾವ ಕಾಲೇಜಿಗೂ, ಯಾವ ಏಜೆಂಟನಿಗೂ ಕೊಡಬೇಡಿ. "ಸೀಟು ಹಿಡಿದಿಡುತ್ತೇವೆ, ದಾಖಲೆ ಇಲ್ಲಿ ಇರಲಿ" ಎನ್ನುತ್ತಾರೆ. ಆಮೇಲೆ ಕೆಇಎಯಲ್ಲಿ ಒಳ್ಳೆಯ ಸೀಟು ಬಂದಾಗ ಪೂರ್ತಿ ವರ್ಷದ ಶುಲ್ಕ ಕಟ್ಟಿ ದಾಖಲೆ ತೆಗೆದುಕೊಂಡು ಹೋಗಿ ಎನ್ನುತ್ತಾರೆ. ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾಲೇಜುಗಳ ಮೇಲೆ ನಿಗಾ ಇಡುವ ಕೇಂದ್ರ ಸಂಸ್ಥೆಗಳಾದ ಯುಜಿಸಿ, ಎಐಸಿಟಿಇ ಎರಡೂ ಹೇಳಿವೆ. ಆದರೂ ಕೈಬಿಟ್ಟ ಕಾಗದ ವಾಪಸ್ ಪಡೆಯಲು ಓಡಾಡುವವರು ನೀವೇ. ತೋರಿಸಿ, ಜೆರಾಕ್ಸ್ ಕೊಡಿ, ಮೂಲಪ್ರತಿ ಬ್ಯಾಗಿಗೆ ಹಾಕಿಕೊಂಡು ಬನ್ನಿ.

ಹಂತ 7: ಆಪ್ಷನ್ ಪಟ್ಟಿಯನ್ನು ಮನೆಯಲ್ಲೇ ಬರೆದಿಡಿ

ಆಪ್ಷನ್ ಎಂಟ್ರಿ ಅಂದರೆ ನಿಮಗೆ ಬೇಕಾದ ಕಾಲೇಜು–ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಇದಕ್ಕೆ ಸಿಗುವುದು ಕೆಲವೇ ದಿನ. ಪಟ್ಟಿಯನ್ನು ಮೇ ತಿಂಗಳಲ್ಲೇ ನೋಟ್‌ಬುಕ್ಕಿನಲ್ಲಿ ಸಿದ್ಧ ಮಾಡಿಕೊಂಡರೆ ಆಗ ತುಂಬುವುದು ಒಂದು ಗಂಟೆಯ ಕೆಲಸ.

ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕುಗಳು ಕೆಇಎ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿನ ಕೋಡು ಓದಲು ಕಲಿಯಿರಿ. ಜಿಎಂ ಎಂದರೆ ಸಾಮಾನ್ಯ. ಕೋಡಿನ ಕೊನೆಗೆ 'ಕೆ' ಬಂದರೆ ಕನ್ನಡ ಮಾಧ್ಯಮ, 'ಆರ್' ಬಂದರೆ ಗ್ರಾಮೀಣ. ಹಾಗೆಯೇ 2ಎಜಿ ಎಂದರೆ 2ಎ ವರ್ಗದ ಸಾಮಾನ್ಯ ಸೀಟು, 2ಎಕೆ ಕನ್ನಡ ಮಾಧ್ಯಮದ್ದು, 2ಎಆರ್ ಗ್ರಾಮೀಣದ್ದು. ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಇರುವವರು ತಮ್ಮ ವರ್ಗದ ಮೂರೂ ಕಾಲಂ ನೋಡಿ ಅದರಲ್ಲಿ ಕೊನೆಯ ರ‍್ಯಾಂಕ್ ಯಾವುದೋ ಅದನ್ನು ಬರೆದುಕೊಳ್ಳಬೇಕು.

ನಿಮ್ಮ ರ‍್ಯಾಂಕ್ 40,000 ಎಂದು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಮೊದಲ ಹತ್ತು ಸಾಲು ಹಿಂದಿನ ವರ್ಷ 20,000–35,000ಕ್ಕೆ ಮುಗಿದ ಸೀಟುಗಳು, ನಂತರ ಇಪ್ಪತ್ತು ಸಾಲು 35,000–50,000ದ ಆಸುಪಾಸು, ಕೊನೆಗೆ ಹದಿನೈದು ಸಾಲು ಅದಕ್ಕೂ ಆಚೆಯವು. ಮೇಲಿನ ಆಪ್ಷನ್ ಸಿಗದಿದ್ದರೆ ಕೆಳಗಿನದಕ್ಕೆ ಏನೂ ತೊಂದರೆಯಿಲ್ಲ. ಆದ್ದರಿಂದ "ನಮಗೆಲ್ಲಿ ಸಿಗುತ್ತೆ" ಎಂದು ಆಸೆಯ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲೆ ಇನ್ನೊಂದು ಸಿಕ್ಕಿಬಿಟ್ಟರೆ ಕೆಳಗಿನದು ಸಿಗುವಂತಿದ್ದರೂ ಹೋಯಿತು. ಇನ್ನೊಂದು ಕಡೆ, ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜನ್ನು ಪಟ್ಟಿ ಉದ್ದ ಮಾಡಲು ತುಂಬಬೇಡಿ. ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಸೀಟುಗಳನ್ನೂ ನೋಡಿ, ಬೋಧನಾ ಶುಲ್ಕದ ವಿನಾಯಿತಿ ಇರುವ ಹೆಚ್ಚುವರಿ ಸೀಟುಗಳವು.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದನ್ನು ನೋಡಿ ಪಟ್ಟಿ ಬದಲಿಸಬಹುದು. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಕೇಳುತ್ತಾರೆ. ಒಂದು: ಈ ಸೀಟೇ ಸಾಕು, ಸೇರುತ್ತೇನೆ. ಎರಡು: ಇದು ಇರಲಿ, ಮೇಲಿನ ಆಪ್ಷನ್‌ಗೂ ಪ್ರಯತ್ನಿಸುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು: ಏನೂ ಬೇಡ, ಹೊರಹೋಗುತ್ತೇನೆ. ಎರಡನ್ನು ಆರಿಸಿದವರು ನೆನಪಿಡಬೇಕಾದ್ದು: ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಬಂದರೆ ಕೈಯಲ್ಲಿದ್ದ ಸೀಟು ತಾನಾಗಿಯೇ ರದ್ದು. ಹಾಗಾಗಿ ಎರಡನೇ ಸುತ್ತಿಗೆ ಮೊದಲು, ಈಗಿನ ಸೀಟಿಗಿಂತ ನಿಜವಾಗಿ ಬೇಕಿಲ್ಲದ ಆಪ್ಷನ್‌ಗಳನ್ನು ಅಳಿಸಿಹಾಕಿ. ಸೈಬರ್ ಸೆಂಟರ್‌ನಲ್ಲಿ ತುಂಬುವುದಾದರೂ ಚಾಯ್ಸ್ ಒತ್ತುವ ಕೈ ನಿಮ್ಮದೇ ಆಗಿರಲಿ.

ಹಂತ 8: ರೈತರ ಮಕ್ಕಳಿಗೆ ಮಾತ್ರ

ಬಿಎಸ್ಸಿ ಕೃಷಿ, ತೋಟಗಾರಿಕೆ, ರೇಷ್ಮೆ, ಪಶುವೈದ್ಯಕೀಯದಂಥ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ), ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜು, ಕೋಲಾರದ ತೋಟಗಾರಿಕೆ ಕಾಲೇಜು ನಮಗೆ ಹತ್ತಿರ. ಇದಕ್ಕೆ ಪಹಣಿ, ಕೃಷಿ ಆದಾಯದ ಪತ್ರ ಬೇಕು. ಜಮೀನು ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ ವಂಶವೃಕ್ಷ ಮಾಡಿಸಬೇಕಾಗುತ್ತದೆ. ಪೌತಿ ಖಾತೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಆಗುವವರೆಗೆ ಕಾಯುತ್ತಾ ಕೂರದೆ ನಾಡಕಚೇರಿಯಲ್ಲಿ ಕೂಡಲೇ ಕೇಳಿ.

ಈ ಕೋಟಾಗೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗಿಡ, ಗೊಬ್ಬರ, ಉಪಕರಣಗಳನ್ನು ನೋಡಿ ಗುರುತಿಸಬೇಕು. ರ‍್ಯಾಂಕಿನಲ್ಲಿ ಇದರ ಪಾಲು ದೊಡ್ಡದು. ಹಳ್ಳಿಯಲ್ಲಿ ಬೆಳೆದರೂ ಹಾಸ್ಟೆಲಿನಲ್ಲಿ ಓದಿದ ಮಕ್ಕಳಿಗೆ ಸಾಮೆಗೂ ನವಣೆಗೂ ವ್ಯತ್ಯಾಸ ತಿಳಿಯದೇ ಹೋಗಿರುತ್ತದೆ. ಅದು ನಾಚಿಕೆಪಡುವ ವಿಷಯವಲ್ಲ, ಹದಿನೈದು ದಿನದಲ್ಲಿ ಕಲಿಯಬಹುದಾದದ್ದು.

ಮೂವತ್ತು ಸಣ್ಣ ಪಾರದರ್ಶಕ ಡಬ್ಬಿ ತಂದು ತಲಾ ಎರಡು ಚಮಚ ಬೀಜ ಹಾಕಿ. ರಾಗಿ, ನವಣೆ, ಸಾಮೆ, ಸಜ್ಜೆ, ಜೋಳ, ಹುಚ್ಚೆಳ್ಳು, ಎಳ್ಳು, ಸಾಸಿವೆ, ಹರಳು, ಅವರೆ, ತೊಗರಿ, ಅಲಸಂದೆ, ಹುರುಳಿ, ಹೆಸರು, ಶೇಂಗಾ ಇಷ್ಟು ಮನೆಯ ಅಟ್ಟದಲ್ಲೇ ಸಿಗುತ್ತವೆ. ಟೊಮೆಟೊ, ಬದನೆ, ಮೆಣಸಿನ ಬೀಜ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಟೊಮೆಟೊ ಬೀಜದ ಮೇಲೆ ನವಿರು ರೋಮ ಇರುತ್ತದೆ, ಬದನೆಯದು ನುಣುಪು. ಹುಚ್ಚೆಳ್ಳು ಕಪ್ಪಗೆ ನೀಳವಾಗಿ ಹೊಳೆಯುತ್ತದೆ, ಎಳ್ಳು ಚಪ್ಪಟೆ. ಡಬ್ಬಿಯ ತಳದಲ್ಲಿ ಹೆಸರು ಬರೆದು ಅಂಟಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ದಿನಾ ಡಬ್ಬಿಗಳನ್ನು ಕಲಸಿ, ಹೇಳಿ, ಆಮೇಲೆ ತಳ ನೋಡಿ. ಅಜ್ಜಿ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ಗೊಬ್ಬರದಲ್ಲಿ ಯೂರಿಯಾ ಬಿಳಿ ಗುಂಡು ಹರಳು, ನೀರಿಗೆ ಹಾಕಿ ಕಲಸಿದರೆ ಲೋಟ ತಣ್ಣಗಾಗುತ್ತದೆ, ಅದರಲ್ಲಿ ಶೇ. 46 ಸಾರಜನಕ. ಡಿಎಪಿ ಕಾಳು ಬೂದು–ಕಂದು, ಗಟ್ಟಿ. 18 ಸಾರಜನಕ, 46 ರಂಜಕ. ಪೊಟ್ಯಾಷ್ ಇಟ್ಟಿಗೆ ಬಣ್ಣದ ಹರಳು, ಶೇ. 60 ಪೊಟ್ಯಾಷ್. ಉಪಕರಣಗಳಲ್ಲಿ ನೇಗಿಲು, ಕುಂಟೆ, ಎಡೆಕುಂಟೆ, ಹಲುಬೆ, ಕೂರಿಗೆ, ಸಡ್ಡೆ ಇವುಗಳನ್ನು ಚಿತ್ರದಲ್ಲಲ್ಲ, ಮುಟ್ಟಿ ನೋಡಿ. ಟ್ರ್ಯಾಕ್ಟರ್ ಬಂದ ಮೇಲೆ ಇವು ಕೊಟ್ಟಿಗೆಯ ಮೂಲೆ ಸೇರಿವೆ, ಊರಿನಲ್ಲಿ ಯಾರ ಮನೆಯಲ್ಲಿ ಉಳಿದಿವೆ ಕೇಳಿಕೊಂಡು ಹೋಗಿ. ಸಸಿ, ಕಸಿ, ರೋಗ–ಕೀಟ ನೋಡಲು ತುಮಕೂರು ಬಳಿಯ ಹಿರೇಹಳ್ಳಿ ಅಥವಾ ತಿಪಟೂರು ಬಳಿಯ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ದಿನ ಹೋಗಿ ಬನ್ನಿ.

ಹಂತ 9: ಉಳಿದ ಹೊತ್ತಿಗೆ ಒಂದೇ ಒಂದು ಕಲಿಕೆ

ಐದು ಕೋರ್ಸು ಬೇಡ. ಸೇರಲಿರುವ ಪದವಿಗೆ ತಕ್ಕ ಒಂದನ್ನು ಹಿಡಿದು ದಿನಕ್ಕೆ ಎರಡು ಗಂಟೆಯಂತೆ ಆರು ವಾರ ಮಾಡಿ. ಎಂಜಿನಿಯರಿಂಗ್, ಬಿಸಿಎಗೆ ಹೋಗುವವರು ಕಂಪ್ಯೂಟರ್ ಪಕ್ಕದಲ್ಲಿ ಕೂತು ಸಿ ಅಥವಾ ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಕೈಯಾರೆ ಟೈಪ್ ಮಾಡಿ. ವಿಡಿಯೊ ನೋಡುವುದು ಕಲಿಕೆಯಲ್ಲ. ಬಿಕಾಂನವರು ಪಕ್ಕದ ಅಂಗಡಿಯ ಒಂದು ತಿಂಗಳ ನಿಜವಾದ ಬಿಲ್ಲುಗಳನ್ನು ಕೇಳಿ ಪಡೆದು ಎಕ್ಸೆಲ್‌ನಲ್ಲಿ ಖರೀದಿ, ಮಾರಾಟ, ಜಿಎಸ್‌ಟಿ ಕಾಲಂ ಮಾಡಿ ತುಂಬಲಿ. ಟ್ಯಾಲಿ ಆಮೇಲೆ ಬಂದೀತು. ಬಿಎ ಸೇರುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಕೂತು ದಿನಪತ್ರಿಕೆಯ ಒಂದು ಸಂಪಾದಕೀಯವನ್ನು ಓದಿ, ಮುಚ್ಚಿಟ್ಟು, ಹತ್ತು ಸಾಲಿನಲ್ಲಿ ಬರೆಯುವ ಅಭ್ಯಾಸ ಮಾಡಲಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಭಯ ಸಹಜ. ಸ್ಪೋಕನ್ ಇಂಗ್ಲಿಷ್ ತರಗತಿಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ: ಪಿಯುಸಿಯ ನಿಮ್ಮದೇ ಇಂಗ್ಲಿಷ್ ಪಠ್ಯಪುಸ್ತಕವನ್ನು ದಿನಾ 20 ನಿಮಿಷ ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ. ಜೊತೆಗೆ ಕಾಲೇಜಿನಲ್ಲಿ ಬರುವ ವಿಷಯದ ಐದು ಇಂಗ್ಲಿಷ್ ಪಾರಿಭಾಷಿಕ ಪದ, ಅದರ ಕನ್ನಡ ಅರ್ಥ, ಒಂದು ವಾಕ್ಯ. ನಲವತ್ತು ದಿನಕ್ಕೆ ಇನ್ನೂರು ಪದ. ಮೊದಲ ಸೆಮಿಸ್ಟರಿನ ಪಾಠ ಕಿವಿಗೆ ಹತ್ತಲು ಅಷ್ಟು ಸಾಕು.

ಸಂಬಳಕ್ಕೆ ಕೆಲಸ ಮಾಡುವುದಾದರೆ ಮಾಡಿ, ತಪ್ಪೇನಿಲ್ಲ. ಆದರೆ ವಾರಕ್ಕೊಂದು ಕೆಲಸದ ದಿನ ರಜೆ ಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಕಚೇರಿಗಳೆಲ್ಲ ಭಾನುವಾರ ಮುಚ್ಚಿರುತ್ತವೆ. ಮೂಲ ದಾಖಲೆ ಒತ್ತೆ ಇಟ್ಟುಕೊಳ್ಳುವ ಕಡೆ ಕೆಲಸಕ್ಕೆ ಸೇರಲೇಬೇಡಿ.

ಹಾಸ್ಟೆಲಿಗೆ ಹೋಗುವವರು ಸೀಟು ಖಚಿತವಾದ ದಿನವೇ ರಾಜ್ಯ ಹಾಸ್ಟೆಲ್ ತಂತ್ರಾಂಶದ ಅರ್ಜಿ ದಿನಾಂಕ ನೋಡಿ. ಕಾಲೇಜಿನ ಅರ್ಜಿ ಬೇರೆ, ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಅರ್ಜಿ ಬೇರೆ. ಹಾಸ್ಟೆಲ್ ಪಟ್ಟಿ ಬರುವ ಮೊದಲೇ ಪಿಜಿಗೆ ಮೂರು ತಿಂಗಳ ಅಡ್ವಾನ್ಸ್ ಕೊಟ್ಟುಬಿಡಬೇಡಿ. ಒಂದು ತಿಂಗಳಿಗೆ ಮಾತ್ರ ಮಾತಾಡಿ, ರಸೀದಿ ಕೇಳಿ. ಪಿಯು ಕಾಲೇಜಿನಿಂದ ಟಿಸಿ ತೆಗೆದುಕೊಂಡ ಕೂಡಲೇ ಐದು ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಒಂದು ಸ್ಕ್ಯಾನ್ ಇಟ್ಟುಕೊಳ್ಳಿ. ಪದವಿ ಕಾಲೇಜಿಗೆ ಮೂಲ ಟಿಸಿ ಕೊಟ್ಟ ಮೇಲೆ ಅದು ಮತ್ತೆ ಕೈಗೆ ಸಿಗುವುದಿಲ್ಲ.